ಸಂಬಳದ ಖಾತೆ

ತಿಂಗಳ ಏಳನೇ ತಾರೀಖು ಧನುಶ್ರೀಗೆ ಸಂಬಳವಾಗುತ್ತಿತ್ತು. ಎಂಟನೇ ತಾರೀಖು ಅವಳ ಮಾವ ರಾಮಲಿಂಗಯ್ಯ ರಾಮನಗರಕ್ಕೆ ಹೋಗಿ ಅದನ್ನು ತೆಗೆದುಕೊಂಡು ಬರುತ್ತಿದ್ದ. ಅವಳು ಊರಾಚೆಯ ಗಾರ್ಮೆಂಟ್ಸಿನಲ್ಲಿ ಶರ್ಟಿಗೆ ಕಾಲರ್ ಹೊಲಿಯುವ ಕೆಲಸಕ್ಕೆ ಸೇರಿದ ಹೊಸದರಲ್ಲೇ ಎಟಿಎಂ ಕಾರ್ಡು ಅವನ ಕೈ ಸೇರಿತ್ತು. ಕೇಳಿ ಇಸಿದುಕೊಂಡದ್ದೇನಲ್ಲ. ಅಂಚೆಯವನು ಲಕೋಟೆ ತಂದಾಗ ಜಗಲಿಯಲ್ಲಿ ಕೂತಿದ್ದವನು ಅವನು. ಒಡೆದು ನೋಡಿ ಜೇಬಿಗೆ ಹಾಕಿಕೊಂಡ. ನಂಬರು ಏನೆಂದು ಕೇಳಿದ, ಅವಳು ಹೇಳಿದಳು. ಅಲ್ಲಿಗೆ ಮುಗಿಯಿತು.

ತಮ್ಮೂರು ಕೂಟಗಲ್ಲಿನಲ್ಲಿ ರಾಮಲಿಂಗಯ್ಯನದು ಬಡತನದ ಮನೆಯಲ್ಲ. ಹಿಪ್ಪುನೇರಳೆ ತೋಟ, ನೀರಿರುವ ಬೋರ್‌ವೆಲ್, ರೇಷ್ಮೆಹುಳು ಸಾಕಲು ಶೀಟು ಹೊದೆಸಿದ ಹುಳುಮನೆ, ಎರಡು ಸೀಮೆಹಸು. ರೇಷ್ಮೆಗೂಡು ಮಾರಿದ ದುಡ್ಡು, ಹೆಂಡತಿ ಕೆಂಚಮ್ಮ ಡೇರಿಗೆ ಹಾಕುವ ಹಾಲಿನ ದುಡ್ಡು, ಮಗ ಜಯಕುಮಾರ್ ಗೂಡ್ಸ್ ಆಟೋ ಓಡಿಸಿ ತರುವ ಬಾಡಿಗೆ, ಸೊಸೆಯ ಸಂಬಳ ಎಲ್ಲವೂ ಅವನ ಬೀರು ಸೇರಬೇಕು, ಅವನು ಕೊಟ್ಟಾಗ ಹೊರಗೆ ಬರಬೇಕು. ಒಂದೇ ಒಲೆ ಉರಿಯುವ ಮನೆಯಲ್ಲಿ ನಾಲ್ಕು ಗಂಟು ಇರಬಾರದು ಎಂದು ಎಲ್ಲರೆದುರು ಹೇಳುತ್ತಿದ್ದ. ಆ ಮನೆಯಲ್ಲಿ ಯಾರೂ ಹಸಿದು ಮಲಗಿದ್ದಿಲ್ಲ ಎನ್ನುವುದು ನಿಜ. ತಲೆನೋವಿನ ಮಾತ್ರೆಗೂ ಒಳಬಟ್ಟೆಗೂ ಧನುಶ್ರೀ ಅವನ ಮುಂದೆ ನಿಂತು ಕೇಳಬೇಕಾಗಿತ್ತು ಎನ್ನುವುದೂ ನಿಜ.

ಹೋದ ವರ್ಷ ತೋಟದಿಂದ ಹುಳುವಿಗೆ ಹಾಕುವ ಸೊಪ್ಪಿನ ಹೊರೆ ಹೊತ್ತು ಬರುವಾಗ ಬದುವಿನ ಮೇಲೆ ಜಾರಿ ಅವಳ ಕಾಲು ಮುರಿಯಿತು. ನಾಲ್ಕು ತಿಂಗಳು ಗಾರ್ಮೆಂಟ್ಸಿಗೆ ಹೋಗಲಾಗಲಿಲ್ಲ. ಕಾಲಿಗೆ ಪಟ್ಟಿ ಕಟ್ಟಿಕೊಂಡೇ ಹುಳುಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಸೊಪ್ಪು ಹೆಚ್ಚಿದಳು. ಮತ್ತೆ ಕೆಲಸಕ್ಕೆ ಹೋಗತೊಡಗಿ ಮೊದಲ ಸಂಬಳವಾದ ಮರುದಿನ ರಾಮನಗರದಿಂದ ವಾಪಸು ಬಂದ ರಾಮಲಿಂಗಯ್ಯ ಜಗಲಿಯ ಮೇಲೆ ಕೂತು ಅವಳ ದಾರಿ ಕಾದ. ಹನ್ನೆರಡು ಸಾವಿರ ಇರಬೇಕಾಗಿದ್ದ ಕಡೆ ಎಂಟೂವರೆ ಇತ್ತು.

ಸಂಜೆ ಅವಳು ಕಂಪನಿ ಬಸ್ಸಿಳಿದು ಊಟದ ಡಬ್ಬಿ ಹಿಡಿದು ಬಂದಳು. ಒಳಗೆ ಕಾಲಿಡುವ ಮೊದಲೇ ಅವನು ಕೇಳಿದ.

"ಉಳಿದ ದುಡ್ಡು ಎಲ್ಲಮ್ಮಿ?"

ಯಾವ ದುಡ್ಡೆಂದು ಅವಳಿಗೆ ತಿಳಿಯಲಿಲ್ಲ. ಗೊತ್ತಿಲ್ಲ ಮಾವ ಎಂದಳು.

"ಚನ್ನಪಟ್ಣಕ್ಕೆ ಹೋಯ್ತಾ?"

ಚನ್ನಪಟ್ಟಣದಲ್ಲಿ ಅವಳ ತವರು. ಅಪ್ಪ ಹುಚ್ಚಯ್ಯ ತೀರಿಹೋಗಿ ಬಹಳ ಕಾಲವಾಗಿತ್ತು. ತಾಯಿ ದೊಡ್ಡಲಕ್ಷ್ಮಮ್ಮ ಬೊಂಬೆ ಕಾರ್ಖಾನೆಯೊಂದರಲ್ಲಿ ಬೊಂಬೆಗಳಿಗೆ ಬಣ್ಣ ಹಚ್ಚಿ ಒಂದು ಕೋಣೆಯ ಮನೆಯಲ್ಲಿ ಬದುಕುತ್ತಿದ್ದಳು. ಆ ತಾಯಿಗೆ ಮಗಳು ಕದ್ದು ದುಡ್ಡು ದಾಟಿಸಿದ್ದಾಳೆ ಎಂದು ರಾಮಲಿಂಗಯ್ಯ ತೀರ್ಮಾನಿಸಿಯಾಗಿತ್ತು. ಹುಡುಕು ಎಂದು ಹೆಂಡತಿಗೆ ಹೇಳಿದ. ಕೆಂಚಮ್ಮ ಸೊಸೆಯ ಟ್ರಂಕಿನ ಸೀರೆಗಳನ್ನು ಒಂದೊಂದೇ ಒದರಿ ನೆಲಕ್ಕೆ ಹಾಕಿದಳು. ರಾಗಿ ಡಬ್ಬಕ್ಕೆ ಕೈ ಹಾಕಿದಳು, ಮೊಮ್ಮಗಳ ಶಾಲೆಯ ಚೀಲವನ್ನೂ ಬುಡಮೇಲು ಮಾಡಿದಳು. ಕೊನೆಗೆ ಸೊಸೆಯನ್ನು ಕೋಣೆಗೆ ಕರೆದುಕೊಂಡು ಹೋಗಿ ಸೆರಗು ತೆಗೆಸಿ ನೋಡಿದಳು. ಬಾಗಿಲಲ್ಲಿ ಹದಿಮೂರು ವರ್ಷದ ಮಗಳು ನವ್ಯಶ್ರೀ ನಿಂತಿದ್ದಳು. ಹೊರಗೆ ಜಯಕುಮಾರ್ ಆಟೋದ ಗಾಜು ಒರೆಸುತ್ತಿದ್ದ. ಒರೆಸಿದ ಗಾಜನ್ನೇ ಮತ್ತೆ ಒರೆಸಿದ, ಒಳಗೆ ಬರಲಿಲ್ಲ.

ಅವತ್ತು ಕೆಂಚಮ್ಮ ನಾಲ್ಕೇ ಮುದ್ದೆ ಕಟ್ಟಿದಳು. ದುಡ್ಡೆಲ್ಲಿ ಎಂದು ಬಾಯಿ ಬಿಟ್ಟ ಮೇಲೆ ಉಣ್ಣಲಿ ಎಂದು ರಾಮಲಿಂಗಯ್ಯ ಹೇಳಿದ್ದ. ಎಲ್ಲರೂ ಉಂಡೆದ್ದ ಮೇಲೆ ಧನುಶ್ರೀ ತಟ್ಟೆಗಳನ್ನು ತೊಳೆದಳು.

ಮರುದಿನ ಮಾವ ಅವಳಿಗೆ ರಜಾ ಹಾಕಿಸಿ ಬ್ಯಾಂಕಿಗೆ ಕರೆದುಕೊಂಡು ಹೋದ. ಕೌಂಟರಿನ ಹುಡುಗ ಕಂಪ್ಯೂಟರು ನೋಡಿ ವಿವರಿಸಿದ. ಮೂರು ತಿಂಗಳು ಸಂಬಳ ಬರದಿದ್ದರೆ ಸಂಬಳದ ಖಾತೆ ಸಾಮಾನ್ಯ ಖಾತೆಯಾಗುತ್ತದೆ. ಆಮೇಲೆ ಅದರಲ್ಲಿ ಯಾವಾಗಲೂ ಹತ್ತು ಸಾವಿರ ಇಟ್ಟಿರಬೇಕು, ಇಲ್ಲದಿದ್ದರೆ ತಿಂಗಳು ತಿಂಗಳೂ ದಂಡ. ಜೊತೆಗೆ ಎಟಿಎಮ್ಮಿನಲ್ಲಿ ಮಿತಿಗಿಂತ ಹೆಚ್ಚು ಸಲ ದುಡ್ಡು ತೆಗೆದದ್ದಕ್ಕೂ ಬಾಕಿ ನೋಡಿದ್ದಕ್ಕೂ ಬೇರೆ. ಖಾಲಿ ಖಾತೆಯಲ್ಲಿ ದಂಡ ಬೆಳೆಯುತ್ತಾ ಹೋಗಿದೆ, ಸಂಬಳ ಬಿದ್ದ ಕೂಡಲೇ ಎಲ್ಲ ಒಟ್ಟಿಗೆ ಕಡಿತವಾಗಿದೆ. ಖಾತೆ ಬದಲಾಯಿಸಿದ್ದನ್ನು ಯಾಕೆ ತಿಳಿಸಲಿಲ್ಲ ಎಂದರೆ ಮೆಸೇಜು ಹೋಗಿರುತ್ತದೆ ಎಂದ. ಧನುಶ್ರೀಗೆ ಯಾವ ಮೆಸೇಜೂ ಬಂದಿರಲಿಲ್ಲ.

ರಾಮಲಿಂಗಯ್ಯನ ದನಿ ಇಡೀ ಬ್ಯಾಂಕಿಗೆ ಕೇಳಿಸಿತು.

"ಇನ್ನೊಬ್ರು ಬೆವರು ಸುರ್ಸಿ ದುಡಿದಿದ್ದನ್ನ ಹೇಳ್ದೆ ಕೇಳ್ದೆ ಎತ್ಕೊಳಕ್ಕೆ ನಿಮಗ್ಯಾವ ಹಕ್ಕೈತೆ ಸ್ವಾಮಿ? ಇದನ್ನ ನಮ್ಮೂರಲ್ಲಿ ಕಳ್ತನ ಅಂತಾರೆ."

ಸಾಲಿನಲ್ಲಿ ನಿಂತಿದ್ದವರು ತಲೆಯಾಡಿಸಿದರು. ಮ್ಯಾನೇಜರು ಹೊರಗೆ ಬಂದು, ನಿಯಮ ಎಂದರೆ ನಿಯಮ, ಬೇಕಿದ್ದರೆ ಕೋರ್ಟಿಗೆ ಹೋಗಿ ಎಂದ. ಹಾಗೆ ಹೇಳಬಾರದಿತ್ತು. ರಾಮಲಿಂಗಯ್ಯ ಬದುವಿನ ವಿಷಯಕ್ಕೆ ದಾಯಾದಿಗಳ ಮೇಲೆ ಒಂಬತ್ತು ವರ್ಷ ಕೇಸು ನಡೆಸಿ ಗೆದ್ದ ಮನುಷ್ಯ. ವಾಪಸು ಬರುವಾಗ ಮೊಮ್ಮಗಳಿಗೆ ಅರ್ಧ ಕೆಜಿ ದ್ರಾಕ್ಷಿ ತೆಗೆದುಕೊಂಡ. ಹಿಂದಿನ ದಿನದ ವಿಚಾರವಾಗಿ ಸೊಸೆಗೆ ಏನೂ ಹೇಳಲಿಲ್ಲ. ಟ್ರಂಕಿನ ಬಟ್ಟೆ ಇನ್ನೂ ನೆಲದ ಮೇಲೇ ಇತ್ತು. ಅವಳೇ ಮಡಿಸಿಟ್ಟಳು.

ಗ್ರಾಹಕರ ಆಯೋಗದಲ್ಲಿ ಕೇಸು ಹಾಕಲು ಅವನು ಹಿಡಿದದ್ದು ಜ್ಯೋತಿಲಕ್ಷ್ಮಿ ಎನ್ನುವ ವಕೀಲೆಯನ್ನು. ಅವಳ ಆಫೀಸಿನಲ್ಲಿ ಕೇಳಿದ ಪ್ರತಿ ಪ್ರಶ್ನೆಗೂ ಉತ್ತರ ಕೊಟ್ಟದ್ದು ರಾಮಲಿಂಗಯ್ಯನೇ. ಒಂದೆರಡು ಸಲ ನೋಡಿ ಜ್ಯೋತಿಲಕ್ಷ್ಮಿ, ಖಾತೆ ನಿಮ್ಮ ಹೆಸರಿನಲ್ಲಿದೆಯೋ ಇವರದರಲ್ಲಿದೆಯೋ ಎಂದು ಕೇಳಿದಳು. ಅವಳದೇ, ಆದರೆ ಅವಳಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಅವನು ಹೇಳಿದ. ದೂರಿನಲ್ಲಿ ಮಾತ್ರ ಧನುಶ್ರೀಯೇ ಸಹಿ ಹಾಕಬೇಕಾಯಿತು. ತನ್ನ ಹೆಸರಿನ ಕೆಳಗೆ 'ದೂರುದಾರರು' ಎಂದು ಬರೆದದ್ದನ್ನು ಅವಳು ಓದಿದಳು. ಆರು ವರ್ಷದ ಸಂಬಳದಲ್ಲಿ ಒಂದು ರೂಪಾಯಿಗೂ ಅವಳು ಎಲ್ಲೂ ಸಹಿ ಹಾಕಿರಲಿಲ್ಲ.

ಜ್ಯೋತಿಲಕ್ಷ್ಮಿ ಮೊದಲು ಕಳಿಸಿದ ನೋಟಿಸಿಗೆ ಬ್ಯಾಂಕು ಉತ್ತರ ಕೊಡಲಿಲ್ಲ. ಕೇಸು ದಾಖಲಾಯಿತು. ಅದರ ನಡುವೆಯೂ ರಾಮಲಿಂಗಯ್ಯ ಎಂಟನೇ ತಾರೀಖು ತಪ್ಪದೆ ಹೋಗಿ ಖಾತೆ ಬರಿದು ಮಾಡಿ ಬರುತ್ತಿದ್ದ, ಬ್ಯಾಂಕು ಮತ್ತೆ ದಂಡ ಹಾಕುತ್ತಿತ್ತು. ಕಡಿತವೆಲ್ಲ ಸೇರಿ ಆರು ಸಾವಿರದ ಹತ್ತಿರ ಬಂತು. ಒಂದು ಸಲ ಬ್ಯಾಂಕಿನವರು ಅರ್ಧ ಕೊಡುತ್ತೇವೆ, ಮುಗಿಸಿಕೊಳ್ಳಿ ಎಂದಾಗ ಧನುಶ್ರೀ ಹೂಂ ಎನ್ನುವಷ್ಟರಲ್ಲಿ ಅವನು ಆಗುವುದಿಲ್ಲ ಎಂದ. ದುಡ್ಡಿನ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ ಎಂದ.

ಊರಿನ ಟೀ ಅಂಗಡಿಯಲ್ಲಿ ಅವನ ಸುತ್ತ ಜನ ಸೇರತೊಡಗಿದರು. ಪಾಸ್‌ಪುಸ್ತಕ ಹಿಡಿದು ಬಂದವರಿಗೆ ಅವನು ಕನ್ನಡಕ ಏರಿಸಿಕೊಂಡು ಕಡಿತಗಳನ್ನು ತೋರಿಸಿ ಕೊಡುತ್ತಿದ್ದ. ನವ್ಯಶ್ರೀ ತಾತನ ಬಗ್ಗೆ ಶಾಲೆಯಲ್ಲಿ ಹೇಳಿಕೊಂಡಳು. ಅವಳಿಗೆ ಸೈಕಲ್ ಕೊಡಿಸಿದ್ದು ತಾತ, ಟ್ಯೂಷನ್ನಿಗೆ ಹಾಕಿದ್ದು ತಾತ, ಹುಟ್ಟುಹಬ್ಬಕ್ಕೆ ಕೇಕು ತಂದದ್ದೂ ತಾತ. ಆ ದುಡ್ಡು ಎಲ್ಲಿಂದ ಬಂತೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳ ತಾಯಿಯೂ ಹೇಳಿರಲಿಲ್ಲ.

ವಿಚಾರಣೆಗೆ ಹೋದ ದಿನಗಳ ಕೂಲಿ ಧನುಶ್ರೀಗೆ ಕಡಿತವಾಗುತ್ತಿತ್ತು, ಹಾಜರಿಯ ಬೋನಸ್ಸೂ ಹೋಗುತ್ತಿತ್ತು. ಸಂಬಳ ಕಡಿಮೆ ಬಂದದ್ದಕ್ಕೆ ಮಾವ ಅವಳನ್ನೇ ಬೈಯುತ್ತಿದ್ದ. ಆ ಕೊರತೆ ತುಂಬಲೆಂದು ಭಾನುವಾರದ ಸೊಪ್ಪಿನ ಕೂಲಿಯಾಳನ್ನು ಬಿಡಿಸಿ ಆ ಕೆಲಸವನ್ನೂ ಅವಳ ತಲೆಗೆ ಕಟ್ಟಿದ. ಉಳಿದ ದಿನಗಳಲ್ಲಿ ಬೆಳಗಿನ ಸೊಪ್ಪು ಕೊಯ್ದು, ಹುಳುವಿಗೆ ಹಾಕಿ, ರೊಟ್ಟಿ ತಟ್ಟಿ, ಏಳು ಗಂಟೆಯ ಬಸ್ಸಿಗೆ ಅವಳು ಓಡಬೇಕಿತ್ತು. ಮುರಿದಿದ್ದ ಕಾಲು ಬದುವಿನ ಮೇಲೆ ಇನ್ನೂ ನೋಯುತ್ತಿತ್ತು. ಕುಂಟುತ್ತಾ ಬಂದರೆ ಕೆಂಚಮ್ಮ, ಕೇಸಿಗೆ ಹೋಗುವಾಗ ಕಾಲು ಚೆನ್ನಾಗಿಯೇ ನಡೆಯುತ್ತದಲ್ಲ ಎನ್ನುತ್ತಿದ್ದಳು.

ಆ ಸಮಯದಲ್ಲೇ ಚನ್ನಪಟ್ಟಣದಿಂದ ಫೋನು ಬಂತು. ದೊಡ್ಡಲಕ್ಷ್ಮಮ್ಮನಿಗೆ ಗರ್ಭಕೋಶದಲ್ಲಿ ಗಡ್ಡೆ, ತೆಗೆಸಬೇಕು. ಆಸ್ಪತ್ರೆಯ ಖರ್ಚು ಹೇಗೋ ಆಗುತ್ತದೆ, ಸ್ಕ್ಯಾನಿಂಗಿಗೂ ಔಷಧಿಗೂ ಐದು ಸಾವಿರ ಬೇಕು. ಧನುಶ್ರೀ ಗಂಡನ ಹತ್ತಿರ ಹೇಳಿದಳು. ಅಪ್ಪನನ್ನು ಕೇಳು ಎಂದು ಅವನು ಹೇಳಿದ. ಮಾವನನ್ನು ಕೇಳಿದಳು. ಕೇಸು ಮುಗಿಯಲಿ ಎಂದು ಅವನು ಹೇಳಿದ.

ಬ್ಯಾಂಕು ತನ್ನ ತಕರಾರು ಸಲ್ಲಿಸಿದ ಮೇಲೆ ಜ್ಯೋತಿಲಕ್ಷ್ಮಿ ಇಬ್ಬರನ್ನೂ ಕರೆಸಿದಳು. ಪ್ರತಿ ತಿಂಗಳೂ ಸಂಬಳ ಬಿದ್ದ ಮರುದಿನವೇ ದೂರುದಾರರು ಅಷ್ಟನ್ನೂ ತೆಗೆದು ಖಾತೆಯನ್ನು ಬರಿದು ಮಾಡಿದ್ದಾರೆ, ದಂಡಕ್ಕೆ ಅವರೇ ಕಾರಣ ಎಂದು ಬ್ಯಾಂಕಿನ ವಾದ. ಇನ್ನೊಂದು ಮಾತೂ ಇತ್ತು. ಎಟಿಎಂ ಕ್ಯಾಮೆರಾದ ಚಿತ್ರಗಳಲ್ಲಿ ದುಡ್ಡು ತೆಗೆಯುತ್ತಿರುವುದು ಒಬ್ಬ ಗಂಡಸು. ಕಾರ್ಡನ್ನು ಬೇರೆಯವರಿಗೆ ಕೊಡುವುದು ನಿಯಮಕ್ಕೆ ವಿರುದ್ಧ, ಆದ್ದರಿಂದ ದೂರನ್ನೇ ವಜಾ ಮಾಡಬೇಕು.

ಜ್ಯೋತಿಲಕ್ಷ್ಮಿ ಸ್ಪಷ್ಟವಾಗಿ ಹೇಳಿದಳು. ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡರೆ ಎಟಿಎಮ್ಮಿನ ಶುಲ್ಕದ ಚಿಲ್ಲರೆ ಮಾತ್ರ ಹೋಗುತ್ತದೆ. ತಿಳಿಸದೆ ಖಾತೆ ಬದಲಾಯಿಸಿದ್ದು ಬ್ಯಾಂಕಿನದೇ ತಪ್ಪು, ಅದು ನಿಲ್ಲುತ್ತದೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಎಲ್ಲವೂ ಹೋಗುತ್ತದೆ. ರಾಮಲಿಂಗಯ್ಯ ಆ ಫೋಟೋಗಳನ್ನು ನೋಡಿದ. ಹೆಗಲ ಮೇಲೆ ಟವಲು, ಕೈಯಲ್ಲಿ ನೋಟು, ಎಣಿಸುತ್ತಿರುವ ತನ್ನದೇ ಮುಖ. ಅವುಗಳನ್ನು ಬೋರಲು ಮಾಡಿ ಮೇಜಿನ ಮೇಲಿಟ್ಟ.

ವಿಚಾರಣೆಯ ದಿನ ಬೆಳಿಗ್ಗೆ ಅವನು ಸೊಸೆಯನ್ನು ತನ್ನ ಪಕ್ಕ ಕೂರಿಸಿಕೊಂಡು ಊಟಕ್ಕೆ ಬಡಿಸಲು ಹೇಳಿದ. ಹಾಗೆ ಯಾವತ್ತೂ ಮಾಡಿದವನಲ್ಲ. ಕೆಂಚಮ್ಮ ಸೊಪ್ಪಿನ ಸಾರಿಗೆ ತುಪ್ಪ ಹಾಕಿದಳು.

"ಜ್ವರ ಬಂದಿತ್ತು, ಒಂದೆರಡು ಸಲ ಮಾವನ ಕೈಲಿ ತರ್ಸಿದ್ದೆ, ಮಿಕ್ಕಿದ್ದೆಲ್ಲ ನಾನೇ ತಗಂಡಿದ್ದು ಅನ್ನು. ಅಷ್ಟೇಯ. ಅಲ್ಲಿ ನನ್ನ ಹೆಸರು ಬರಕೂಡ್ದು."

ಧನುಶ್ರೀ ಮುದ್ದೆ ಮುರಿಯುತ್ತಾ ಕೂತಳು.

"ನೆಟ್ಟಗೆ ಹೇಳ್ಬುಟ್ಟು ಬಾ. ಸಾಯಂಕಾಲಕ್ಕೆ ನಿಮ್ಮವ್ವನಿಗೆ ಐದು ಸಾವ್ರ ಕೊಡ್ತೀನಿ."

ಅವಳು ಒಪ್ಪಿದಳು. ಆಯೋಗದ ಮೆಟ್ಟಿಲು ಹತ್ತುವಾಗಲೂ ಅವಳ ಮನಸ್ಸಿನಲ್ಲಿದ್ದದ್ದು ಅದೇ ಮಾತು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

ಅಧ್ಯಕ್ಷರು ವಯಸ್ಸಾದ ಹೆಂಗಸು. ಮೃದುವಾಗಿಯೇ ಕೇಳಿದರು. ಈ ಹಣವೆಲ್ಲ ನೀವೇ ತೆಗೆದದ್ದೇ ಎಂದಾಗ ಧನುಶ್ರೀ ಹೌದೆಂದಳು. ಜ್ವರದ ಮಾತನ್ನೂ ಹೇಳಿದಳು. ಹಿಂದಿನ ಬೆಂಚಿನಲ್ಲಿ ರಾಮಲಿಂಗಯ್ಯ ಟವಲು ಸರಿಮಾಡಿಕೊಂಡ. ಬ್ಯಾಂಕಿನ ವಕೀಲ ಎದ್ದು ಅನುಮತಿ ಕೇಳಿ, ಮಾರ್ಚ್ ತಿಂಗಳಲ್ಲಿ ತೆಗೆದ ಹನ್ನೆರಡು ಸಾವಿರದಲ್ಲಿ ಏನು ಮಾಡಿದಿರಿ ಎಂದು ಕೇಳಿದ. ಮನೆ ಖರ್ಚಿಗೆ ಎಂದಳು. ಯಾವ ಖರ್ಚು ಎಂದ. ಅವಳು ಯೋಚಿಸಿದಳು. ಏಪ್ರಿಲ್ ತಿಂಗಳದ್ದು ಎಂದು ಕೇಳಿದ. ಅದೂ ಮನೆ ಖರ್ಚಿಗೇ ಎಂದಳು. ಹೋಗಲಿ, ನಿಮಗಾಗಿ ಏನಾದರೂ ಕೊಂಡಿದ್ದು ನೆನಪಿದೆಯೇ ಎಂದ. ನೆನಪು ಮಾಡಿಕೊಳ್ಳಲು ಅವಳು ನಿಜವಾಗಿಯೂ ಪ್ರಯತ್ನಪಟ್ಟಳು. ಏನೂ ಸಿಗಲಿಲ್ಲ.

"ಗೊತ್ತಿಲ್ಲ ಮೇಡಂ," ಎಂದಳು, ವಕೀಲನಿಗಲ್ಲ, ಅಧ್ಯಕ್ಷರಿಗೆ. "ಆ ದುಡ್ಡು ಏನಾಯ್ತದೆ ಅಂತ ನಂಗೊತ್ತಿಲ್ಲ. ನಾನು ನೋಡೇ ಇಲ್ಲ. ಕಾರ್ಡು ಆರು ವರ್ಷದಿಂದ ನಮ್ಮ ಮಾವನ ಹತ್ರ ಐತೆ."

ನೀವು ಕೊಟ್ಟಿದ್ದಾ ಎಂದು ಅಧ್ಯಕ್ಷರು ಕೇಳಿದರು.

"ಅವ್ರೇ ಇಟ್ಕೊಂಡ್ರು. ಇವತ್ತು ಹಿಂಗೆ ಹೇಳು ಅಂದಿದ್ದೂ ಅವ್ರೇಯ. ಹೇಳಿದ್ರೆ ನಮ್ಮವ್ವನ ಆಪರೇಷನ್ನಿಗೆ ದುಡ್ಡು ಕೊಡ್ತೀನಿ ಅಂದವ್ರೆ."

ಯಾರೋ ಹಿಂದೆ ಸಣ್ಣಗೆ ನಕ್ಕರು. ಅಧ್ಯಕ್ಷರು ತಲೆ ಎತ್ತಿ ಕೊನೆಯ ಬೆಂಚಿನ ಕಡೆ ನೋಡಿದರು. ರಾಮಲಿಂಗಯ್ಯ ಆಗಲೇ ಎದ್ದು ಬಾಗಿಲು ದಾಟಿದ್ದ.

ಅವಳು ಒಬ್ಬಳೇ ಬಸ್ಸಿನಲ್ಲಿ ಊರಿಗೆ ಬಂದಳು. ಅವತ್ತಿನಿಂದ ಮಾವ ಅವಳೊಂದಿಗೆ ಮಾತು ಬಿಟ್ಟ. ಅವಳು ಮುಟ್ಟಿದ ಚೊಂಬಿನ ನೀರನ್ನು ಕುಡಿಯಲಿಲ್ಲ. ಅಡುಗೆಮನೆಗೆ ಬರಬೇಡ ಎಂದು ಕೆಂಚಮ್ಮ ಹೇಳಿದಳು. ಅವಳ ತಟ್ಟೆಯನ್ನು ಕೊಟ್ಟಿಗೆಯ ಮೆಟ್ಟಿಲ ಮೇಲೆ ಇಡತೊಡಗಿದಳು. ತಟ್ಟೆಯಲ್ಲಿ ಮುದ್ದೆ ಇರುತ್ತಿತ್ತು, ಸಾರು ಇರುತ್ತಿರಲಿಲ್ಲ. ಸಾರು ಮುಗಿಯಿತು ಎಂದು ದಿನವೂ ಅದೇ ಮಾತು. ಧನುಶ್ರೀ ಮೆಟ್ಟಿಲ ಮೇಲೆ ಕೂತು ಮುದ್ದೆಯನ್ನು ಉಪ್ಪಿನ ಹರಳು ನೆಂಚಿಕೊಂಡು ನುಂಗುತ್ತಿದ್ದಳು. ಹುಳುಮನೆಯ ಕೆಲಸವೂ ಸೊಪ್ಪಿನ ಕೆಲಸವೂ ಇದ್ದಂತೆಯೇ ಇದ್ದವು.

ಟೀ ಅಂಗಡಿಯಲ್ಲಿ ಒಬ್ಬ, ಫೋಟೋ ಬಲೇ ಚೆನ್ನಾಗಿ ಬಂದಿತ್ತಂತೆ ರಾಮಲಿಂಗಣ್ಣ ಎಂದನಂತೆ. ರಾಮಲಿಂಗಯ್ಯ ಅಲ್ಲಿಗೆ ಹೋಗುವುದನ್ನು ಬಿಟ್ಟು ಇಡೀ ದಿನ ಜಗಲಿಯಲ್ಲಿ ಕೂರತೊಡಗಿದ. ಶಾಲೆಯಿಂದ ಬಂದ ನವ್ಯಶ್ರೀಗೆ, ನಿನ್ನ ತಾತನನ್ನು ಕೋರ್ಟಿನಲ್ಲಿ ನಿಲ್ಲಿಸಿ ಕಳ್ಳ ಎಂದಳು ನಿನ್ನ ತಾಯಿ ಎಂದು ಹೇಳಿದ. ಹೇಳುವಾಗ ಅವನ ಕಣ್ಣಲ್ಲಿ ನೀರು ಬಂತು. ಅದು ನಟನೆಯಲ್ಲ. ಅರವತ್ತಾರು ವರ್ಷ ಆ ಊರಿನಲ್ಲಿ ಯಾರೂ ಅವನನ್ನು ನೋಡಿ ನಕ್ಕಿರಲಿಲ್ಲ. ಹುಡುಗಿ ಅವತ್ತು ತಾಯಿಯ ಪಕ್ಕ ಮಲಗಲಿಲ್ಲ, ಅಜ್ಜಿಯ ಹತ್ತಿರ ಹೋದಳು.

ಜ್ಯೋತಿಲಕ್ಷ್ಮಿಯ ಸಲಹೆಯಂತೆ ಧನುಶ್ರೀ ಇನ್ನೊಂದು ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದಳು. ಕಂಪನಿ ಆಫೀಸಿನಲ್ಲಿ ಅದರ ನಂಬರು ಕೊಟ್ಟಳು. ಮುಂದಿನ ಎಂಟನೇ ತಾರೀಖು ರಾಮಲಿಂಗಯ್ಯ ರಾಮನಗರಕ್ಕೆ ಹೋಗಿ ಬರಿಗೈಯಲ್ಲಿ ಬಂದ. ಸೊಸೆಯ ಕಡೆ ನೋಡದೆ ಮಗನಿಗೆ ಹೇಳಿದ: "ಅವಳು ಇರ್ಬೇಕು, ಇಲ್ಲಾ ನಾನಿರ್ಬೇಕು. ಯೋಚ್ನೆ ಮಾಡ್ಲಾ."

ಜಯಕುಮಾರ್ ಎಂದೂ ಹೆಂಡತಿಗೆ ಕೈ ಮಾಡಿದವನಲ್ಲ. ಅವತ್ತೂ ಮಾಡಲಿಲ್ಲ. ಕೋಣೆಗೆ ಬಂದು ಬಾಗಿಲಿಗೆ ಒರಗಿ ನಿಂತ.

"ಅಪ್ಪನ ಕಾಲ್ ಹಿಡ್ಕೊಂಡು ಹೊಸ ಕಾರ್ಡು ಕೊಟ್ಬುಡು. ಆಗಲ್ಲ ಅಂದ್ರೆ ನಿಮ್ಮವ್ವನ ಮನೆಗೆ ಹೊಂಟೋಗು."

"ನಾನು ಮಾಡಿದ ತಪ್ಪೇನು, ಅದನ್ನಾರ ಹೇಳಿ."

"ನಾನೂ ದುಡ್ದು ಕೊಡ್ತಾ ಇಲ್ವಾ? ನನ್ನ ಕೈಲೂ ಒಂದು ಕಾಸು ಇರಲ್ಲ. ನಾನೇನು ಸತ್ತೋಗಿದ್ದೀನಾ?"

ಅವಳು ಅವನ ಮುಖ ನೋಡಿದಳು. ಅವನು ಅದನ್ನು ಹೆಮ್ಮೆಯಿಂದ ಹೇಳಿದನೋ ಸಂಕಟದಿಂದ ಹೇಳಿದನೋ ಅವಳಿಗೆ ತಿಳಿಯಲಿಲ್ಲ. ಎರಡು ಚೀಲಗಳಿಗೆ ಬಟ್ಟೆ ತುಂಬಿಕೊಂಡಳು. ಹೊರಡುವ ಮುನ್ನ ಹುಳುಮನೆಯ ಬಾಗಿಲಿಗೆ ಹೋದಳು. ನವ್ಯಶ್ರೀ ಒಳಗೆ ಬಿದಿರಿನ ತಟ್ಟೆಗಳ ಮಧ್ಯೆ ನಿಂತು ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ಬಾಗಿಲಿಗೆ ಬೆನ್ನಾಗಿತ್ತು. ತವರಿನ ಒಂದೇ ಕೋಣೆ, ಕಾಯಿಲೆಯ ತಾಯಿ, ಇವಳ ಶಾಲೆ, ಬರುವ ವರ್ಷದ ಪರೀಕ್ಷೆ, ಎಲ್ಲವೂ ಧನುಶ್ರೀಯ ತಲೆಗೆ ಬಂದವು. ಒಂದಷ್ಟು ಹೊತ್ತು ನಿಂತಳು. ಹುಡುಗಿ ತಿರುಗಲಿಲ್ಲ. ಅವಳು ಚೀಲಗಳನ್ನು ಎತ್ತಿಕೊಂಡು ಬಸ್ ಸ್ಟಾಪಿಗೆ ನಡೆದಳು.

ಆ ತಿಂಗಳ ಸಂಬಳದಲ್ಲಿ ತಾಯಿಯ ಸ್ಕ್ಯಾನಿಂಗ್ ಆಯಿತು, ಆಪರೇಷನ್ನೂ ಆಯಿತು. ತಡವಾಗಿ ಬಂದಿರಿ ಎಂದು ಡಾಕ್ಟರು ಬೈದರು. ಆದರೂ ದೊಡ್ಡಲಕ್ಷ್ಮಮ್ಮ ಉಳಿದಳು. ಇನ್ನು ಕಾರ್ಖಾನೆಯಲ್ಲಿ ಕೂತು ಬಣ್ಣ ಹಚ್ಚುವಷ್ಟು ಶಕ್ತಿ ಅವಳಲ್ಲಿರಲಿಲ್ಲ. ಧನುಶ್ರೀ ಚನ್ನಪಟ್ಟಣದಿಂದಲೇ ಕೆಲಸಕ್ಕೆ ಹೋಗಿ ಬರುತ್ತಿದ್ದಳು.

ದಸರಾ ಕಳೆದ ಮೇಲೆ ಆಯೋಗದ ಆದೇಶ ಬಂತು. ತಿಳಿಸದೆ ಖಾತೆಯ ಸ್ವರೂಪ ಬದಲಾಯಿಸಿ ದಂಡ ವಸೂಲು ಮಾಡಿದ್ದು ಸೇವಾ ನ್ಯೂನತೆ. ಆ ಹಣವನ್ನು ಬಡ್ಡಿಯೊಂದಿಗೆ ವಾಪಸು ಕೊಡಬೇಕು, ಜೊತೆಗೆ ಐದು ಸಾವಿರ ಪರಿಹಾರ, ಮೂರು ಸಾವಿರ ಕೇಸಿನ ಖರ್ಚು. ಎಟಿಎಮ್ಮಿನ ಶುಲ್ಕ ಮಾತ್ರ ಬಿಟ್ಟುಹೋಯಿತು. ಜ್ಯೋತಿಲಕ್ಷ್ಮಿ ಫೋನು ಮಾಡಿ, ನೀವು ಗೆದ್ದಿರಿ ಎಂದಳು. ಧನುಶ್ರೀ ಮಧ್ಯಾಹ್ನದ ಊಟದ ಬಿಡುವಿನಲ್ಲಿದ್ದಳು. ಸರಿ ಮೇಡಂ ಎಂದಳು, ಡಬ್ಬಿ ತೊಳೆಯಲು ಹೋದಳು.

ಕೂಟಗಲ್ಲಿನಲ್ಲಿ ರಾಮಲಿಂಗಯ್ಯ ಮತ್ತೆ ಟೀ ಅಂಗಡಿಗೆ ಹೋಗತೊಡಗಿದ. ಬ್ಯಾಂಕಿನಿಂದ ಕಕ್ಕಿಸಿದ್ದು ತಾನು ಎಂದು ಹೇಳಿಕೊಂಡ. ಪರಿಹಾರದ ದುಡ್ಡು ತನಗೆ ಬರಬೇಕು, ಓಡಾಡಿದ್ದು ತಾನು ಎಂದು ಜಯಕುಮಾರನ ಕೈಲಿ ಹೇಳಿಕಳಿಸಿದ. ಜಯಕುಮಾರ್ ಚನ್ನಪಟ್ಟಣಕ್ಕೆ ಬಂದು ಬಾಗಿಲಲ್ಲಿ ನಿಂತು ಅಪ್ಪನ ಮಾತನ್ನು ಒಪ್ಪಿಸಿದ. ದೊಡ್ಡಲಕ್ಷ್ಮಮ್ಮ ಹಾಸಿಗೆಯಿಂದಲೇ ಕಾಫಿ ಕೊಡು ಎಂದಳು. ಅವನು ಕುಡಿದ. ಧನುಶ್ರೀ ದುಡ್ಡು ಕೊಡುವುದಿಲ್ಲ ಎಂದಳು. ಹಾಗಾದರೆ ನವ್ಯಳನ್ನು ಮರೆತುಬಿಡು ಎಂದು ಹೇಳಿ, ಲೋಟವನ್ನು ಕಟ್ಟೆಯ ಮೇಲಿಟ್ಟು ಹೋದ.

ಸಂಕ್ರಾಂತಿಗೆ ಮುಂಚಿನ ಒಂದು ದಿನ ಗಾರ್ಮೆಂಟ್ಸಿನ ಗೇಟಿನಲ್ಲಿ ಯಾರೋ ಕಾಯುತ್ತಿದ್ದಾರೆಂದು ಸೆಕ್ಯೂರಿಟಿಯವನು ಹೇಳಿ ಕಳಿಸಿದ. ಹೋಗಿ ನೋಡಿದರೆ ಕೆಂಚಮ್ಮ. ಒಂದೇ ಸಮನೆ ಮಂಡಿ ಒತ್ತಿಕೊಳ್ಳುತ್ತಾ ಕಾಂಪೌಂಡಿನ ಕಲ್ಲಿನ ಮೇಲೆ ಕೂತಿದ್ದಳು. ಸೊಸೆ ಹೋದ ಮೇಲೆ ಹುಳುಮನೆಯೂ ಸೊಪ್ಪೂ ಒಲೆಯೂ ಅವಳ ಮೇಲೇ ಬಿದ್ದಿದ್ದವು. ಮಂಡಿಗೆ ಸೂಜಿ ಹಾಕಿಸಬೇಕೆಂದು ಗಂಡನನ್ನು ದುಡ್ಡು ಕೇಳಿದ್ದಕ್ಕೆ, ಈ ವಯಸ್ಸಿನಲ್ಲಿ ಎಲ್ಲರಿಗೂ ನೋಯುತ್ತದೆ ಎಂದಿದ್ದನಂತೆ.

"ಡೇರಿ ದುಡ್ಡು ನನ್ನ ಹೆಸ್ರಿಗೇ ಬೀಳೋದಂತೆ ಕಣೆ. ಸೆಕ್ರೆಟ್ರಿ ಅಂದ. ನಂಗೂ ಒಂದು ಬೇರೆ ಖಾತೆ ಮಾಡ್ಸಿಕೊಡು."

ಧನುಶ್ರೀ ಅವಳನ್ನು ನೋಡುತ್ತಾ ನಿಂತಳು. ಸೆರಗು ತೆಗೆಸಿದ ಕೈ, ಕೊಟ್ಟಿಗೆಯ ಮೆಟ್ಟಿಲಿಗೆ ತಟ್ಟೆ ನೂಕಿದ ಕೈ ಈಗ ಮಂಡಿಯ ಮೇಲಿತ್ತು. ಹೋಗಿ ಎಂದು ಹೇಳಬೇಕೆನಿಸಿತು.

"ನವ್ಯನ್ನ ಭಾನುವಾರ ನನ್ನ ಹತ್ರ ಕಳ್ಸಿ. ಖಾತೆ ಮಾಡ್ಸಿಕೊಡ್ತೀನಿ."

"ಮೊದ್ಲು ಮಾಡ್ಸು."

"ಕಳಿಸ್ತೀರಾ?"

"ಅವರಿಗೆ ಗೊತ್ತಾಗ್ದಂಗೆ ಕಳಿಸ್ತೀನಿ. ಕಬ್ಬಾಳಮ್ಮನಾಣೆ."

ಶನಿವಾರ ಅರ್ಧ ದಿನ ರಜಾ ಹಾಕಿ ಅವಳು ಅತ್ತೆಯನ್ನು ಬ್ಯಾಂಕಿಗೆ ಕರೆದುಕೊಂಡು ಹೋದಳು. ಕನಿಷ್ಠ ಹಣ ಇಡಬೇಕಿಲ್ಲದ ಖಾತೆಯೇ ಬೇಕೆಂದು ಕೇಳಿ, ಅರ್ಜಿ ತುಂಬಿ, ಕೆಂಚಮ್ಮನ ಹೆಬ್ಬೆಟ್ಟನ್ನು ಮಷಿನ್ನಿನ ಮೇಲೆ ತಾನೇ ಹಿಡಿದು ಒತ್ತಿಸಿದಳು. ಕಾರ್ಡು ಬೇಡ, ಪುಸ್ತಕ ಸಾಕು ಎಂದಳು ಕೆಂಚಮ್ಮ. ಕೆಲಸ ಮುಗಿದ ಮೇಲೆ ಬಸ್ ಸ್ಟಾಪಿನವರೆಗೂ ಜೊತೆಯಾಗಿಯೇ ಬಂದವಳು, ಊರಿನ ಬಸ್ಸು ಕಂಡ ಕೂಡಲೇ ದೂರ ಸರಿದು ನಿಂತಳು. ನಿನ್ನ ಜೊತೆ ಬಂದಿದ್ದೆ ಎಂದು ಎಲ್ಲೂ ಬಾಯಿ ಬಿಡಬೇಡ ಎಂದು ಹೇಳಿ ಹತ್ತಿದಳು.

ಭಾನುವಾರ ಧನುಶ್ರೀ ಬೆಳಿಗ್ಗೆಯೇ ಮಾರ್ಕೆಟ್ಟಿಗೆ ಹೋಗಿ ನಾಟಿಕೋಳಿ ತಂದಳು. ಮಗಳಿಗೆ ಇಷ್ಟವೆಂದು ಮಸಾಲೆಗೆ ಕೊತ್ತಂಬರಿ ಹೆಚ್ಚು ಹಾಕಿದಳು. ದೊಡ್ಡಲಕ್ಷ್ಮಮ್ಮ ಗೋಡೆ ಹಿಡಿದುಕೊಂಡು ಎದ್ದು ಮೊಮ್ಮಗಳಿಗೆಂದು ಒಗೆದ ಹೊದಿಕೆ ಹಾಸಿದಳು. ರಾಮನಗರದ ಕಡೆಯಿಂದ ಬಸ್ಸುಗಳು ಬಂದವು, ಹೋದವು. ಮಧ್ಯಾಹ್ನ ದಾಟಿದ ಮೇಲೆ ಧನುಶ್ರೀಗೆ ಸಿಟ್ಟು ಬಂತು. ಮುದುಕಿ ಕೆಲಸ ಮಾಡಿಸಿಕೊಂಡು ಮೋಸ ಮಾಡಿದಳು ಎಂದುಕೊಂಡಳು. ಅತ್ತೆಯ ಫೋನಿಗೆ ಕರೆ ಮಾಡಿದಳು. ಎತ್ತಿದವಳು ನವ್ಯಶ್ರೀ.

ಅಜ್ಜಿ ಹೇಳಲಿಲ್ಲವಾ ಎಂದು ಧನುಶ್ರೀ ಕೇಳಿದಳು.

"ಹೇಳ್ತು. ಬಸ್ಸಿಗೆ ಹತ್ತಿಸ್ತೀನಿ ಅಂತ ಎರಡು ಸಲ ಕರೀತು. ನಾನೇ ಬರಲ್ಲ ಅಂದೆ."

"ತಾತ ಬೈತಾರೆ ಅಂತಾನಾ?"

"ತಾತಂಗೆ ಗೊತ್ತೇ ಇಲ್ಲ."

"ಮತ್ಯಾಕೆ ಮಗಾ?"

ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ.

"ಅವತ್ತು ನೀನು ಹುಳುಮನೆ ಬಾಗ್ಲಲ್ಲಿ ನಿಂತಿದ್ದೆ. ನಂಗೊತ್ತಿತ್ತಮ್ಮ. ಕರೀತೀಯ ಅಂತ ಸೊಪ್ಪು ಕೆಳಗಿಟ್ಟು ಕಾದೆ. ನೀನು ಕರೀಲಿಲ್ಲ."

ಧನುಶ್ರೀ ಶಾಲೆಯ ಮಾತು ಹೇಳಿದಳು, ಒಂದು ಕೋಣೆಯ ಮನೆಯ ಮಾತು ಹೇಳಿದಳು. ಹುಡುಗಿ ಎಲ್ಲದಕ್ಕೂ ಹೂಂ ಎಂದಳು. ಆಮೇಲೆ, ಅಜ್ಜಿಗೆ ಮಂಡಿ ನೋವು, ಸೊಪ್ಪು ತರಲು ತಾನೇ ಹೋಗಬೇಕು ಎಂದು ಹೇಳಿ ಫೋನಿಟ್ಟಳು.

ಒಳಗಿನಿಂದ ದೊಡ್ಡಲಕ್ಷ್ಮಮ್ಮ, ಬರುತ್ತಾಳಂತಾ ಎಂದು ಕೇಳಿದಳು. ಇಲ್ಲ ಎಂದಳು ಧನುಶ್ರೀ. ಸಾರನ್ನು ಮತ್ತೆ ಬಿಸಿ ಮಾಡಿ ತಾಯಿಗೆ ಬಡಿಸಿದಳು. ತಾನೂ ಹಾಕಿಕೊಂಡು ಕೂತಳು. ಮೊದಲ ತುತ್ತು ತಿಂದಳು. ನೀರು ಕುಡಿದು, ಎರಡನೆಯದಕ್ಕೆ ಕೈ ಹಾಕಿದಳು.